ಎರಡು ಬಿಟ್ಟು ಬುದ್ಧಿ ಹೇಳಿ

ನಮ್ಮ ಮದ್ದೂರು ಸೀಮೆಯಲ್ಲಿ ಪೊಲೀಸ್ ಜೀಪು ಬಾಗಿಲಿಗೆ ಬಂದರೆ ಮಾನ ಹೋಯಿತೆಂದೇ ಅರ್ಥ. ಅದಕ್ಕೇ ಸ್ಟೇಷನ್ನಿನಿಂದ ಫೋನು ಬಂದರೆ ಮನೆಯ ಹಿರಿಯನೇ ಕರೆದುಕೊಂಡು ಹೋಗಿ ಒಪ್ಪಿಸಿ ಬರುತ್ತಾನೆ. ನಾನೂ ಅದನ್ನೇ ಮಾಡಿದೆ. ನಾಲೆ ಪಕ್ಕದ ಪಂಪ್‌ಸೆಟ್ಟುಗಳ ಕೇಬಲ್ ಕಳುವಾಗಿತ್ತು. ವೆಲ್ಡಿಂಗ್ ಕೆಲಸದ ನನ್ನ ತಮ್ಮನ ಮೇಲೆ ಯಾರೋ ಬೆರಳು ತೋರಿಸಿದ್ದರು. ಬೆಳಗ್ಗೆ ಹತ್ತಕ್ಕೆ ಅವನನ್ನು ನನ್ನ ಬೈಕಿನಲ್ಲೇ ಕೂರಿಸಿಕೊಂಡು ಹೊರಟೆ.

"ನಾನ್ ಕದ್ದಿಲ್ಲ ಕಣಣ್ಣ," ಅಂದ ದಾರಿಯಲ್ಲಿ.

"ಕದ್ದಿಲ್ದಿದ್ರೆ ಭಯ ಯಾಕ್ಲಾ? ಸುಮ್ಕೆ ಕೂತ್ಕೊ," ಎಂದು ಗದರಿದೆ.

ಸ್ಟೇಷನ್ನಿನಲ್ಲಿ ಸಾಹೇಬರ ಮುಂದೆ ಹಲ್ಲು ಕಿರಿದು, ಈ ದರಿದ್ರ ಬಾಯಲ್ಲಿ ಹೇಳಿದೆ: "ನಮ್ ತಮ್ಮ ಸಾರ್. ಎಲ್ಡ್ ಬುಟ್ಟು ಬುದ್ಧಿ ಯೋಳಿ ಕಳ್ಸಿ." ನಮ್ಮ ಕಡೆ ಎಲ್ಲರೂ ಹಾಗೆ ಹೇಳುತ್ತಾರೆ. ಸಾಹೇಬರಿಗೊಂದು ಮರ್ಯಾದೆ, ಅಷ್ಟೇ ಅಂದುಕೊಂಡಿದ್ದೆ.

ಸಂಜೆ ಹೋದರೆ "ನಾಳೆ ಬನ್ನಿ ಮೇಷ್ಟ್ರೇ" ಅಂದರು. ಮರುದಿನವೂ ಅದೇ ಮಾತು. ಒಳಗೆ ಬಿಡಲಿಲ್ಲ, ಮುದ್ದೆ ಸಾರಿನ ಕ್ಯಾರಿಯರ್ ಕೊಟ್ಟು ಬರುತ್ತಿದ್ದೆ. ಮೂರನೆಯ ದಿನ ಕ್ಯಾರಿಯರ್ ತೊಳೆಯಲು ಬಿಚ್ಚಿದ ಅವ್ವ ಕಿರುಚಿದಳು: "ಮುದ್ದೆ ಮುಟ್ಟೇ ಇಲ್ವಲ್ಲೋ! ನನ್ ಮಗಂಗೆ ಏನ್ ಮಾಡವ್ರೆ? ಓಗ್ ನೋಡ್ಲಾ!"

ಆಗ ಹೊಳೆಯಿತು: ಬಂಧಿಸಿದವರನ್ನು ಇಪ್ಪತ್ನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಸಂವಿಧಾನದ ಈ ಮಾತನ್ನು ಪ್ರತಿ ವರ್ಷ ಮಕ್ಕಳಿಂದ ಬಾಯಿಪಾಠ ಮಾಡಿಸುವ ಸಮಾಜ ವಿಜ್ಞಾನದ ಮೇಷ್ಟ್ರು ನಾನು! ಅಯ್ಯೋ, ನನ್ನ ಓದಿಗಿಷ್ಟು ಬೆಂಕಿ ಹಾಕ! ಸ್ವಂತ ತಮ್ಮನ ವಿಷಯದಲ್ಲಿ ಅದು ನೆನಪಿಗೇ ಬಂದಿರಲಿಲ್ಲ.

ಮಂಡ್ಯದ ವಕೀಲರೊಬ್ಬರ ಕಾಲು ಹಿಡಿದೆ. ಅವರು ಅರ್ಜಿ ಹಾಕಿದ ಮೇಲೆ ಅವತ್ತೇ ಮಧ್ಯಾಹ್ನ ಅವನನ್ನು ಕೋರ್ಟಿಗೆ ತಂದರು. ಆ ದಿನ ಬೆಳಗ್ಗೆಯಷ್ಟೇ ಹಿಡಿದದ್ದು ಎಂದು ಪೊಲೀಸರ ಕಾಗದದಲ್ಲಿತ್ತು. ತಮ್ಮ ಗೋಡೆ ಹಿಡಿದು ನಡೆಯುತ್ತಿದ್ದ. ಚಪ್ಪಲಿ ಕೈಯಲ್ಲಿತ್ತು, ಊದಿದ ಪಾದ ಅದರೊಳಗೆ ತೂರುತ್ತಿರಲಿಲ್ಲ.

"ಯಾರಾದರೂ ಹೊಡೆದರೇನಪ್ಪ? ಹೆದರಬೇಡ," ಅಂದರು ನ್ಯಾಯಾಧೀಶೆ.

"ಒಡುದ್ರಮ್ಮ," ಅಂದ. ನನ್ನ ಕಡೆ ತಿರುಗಿದ. "ನಮ್ಮಣ್ಣನೇ ಒಡೀರಿ ಅಂತ ಯೋಳ್ಬುಟ್ಟು ಓಗಿದ್ದ."

ಕೋರ್ಟೆಲ್ಲ ನನ್ನನ್ನೇ ನೋಡಿತು. ನ್ಯಾಯಾಧೀಶೆ ಪೊಲೀಸರ ಮೇಲೆ ಸಿಡಿದು, ಗಾಯಗಳನ್ನು ಬರೆಸಿಕೊಂಡು, ಜಾಮೀನು ಕೊಟ್ಟರು. ಆ ಮಾತೊಂದೂ ನನ್ನ ಕಿವಿಗೆ ಸರಿಯಾಗಿ ಬೀಳಲಿಲ್ಲ.

ಹೊರಗೆ ಅವನ ಮುಂದೆ ಬೈಕು ತಂದು ನಿಲ್ಲಿಸಿದೆ. "ಅತ್ಕೊಳ್ಲಾ, ಮನೆಗೋಗವ."

ಅವನು ಹಿಂದಿನ ಸೀಟನ್ನೊಮ್ಮೆ ನೋಡಿದ.

"ನಾನ್ ಬಸ್ಸಲ್ ಬತ್ತೀನಿ. ನೀನ್ ಓಗಣ್ಣ," ಅಂದವನೇ ಚಪ್ಪಲಿ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಬಸ್ ಸ್ಟ್ಯಾಂಡಿನ ಕಡೆ ನಡೆದ.