ತುಂಗಕ್ಕನ ಫಿರ್ಯಾದು

ಹೊಸಪೇಟೆಯ ನಮ್ಮ ಓಣಿಯಲ್ಲಿ ಎರಡು ಸಂಗತಿಗಳನ್ನು ಯಾರೂ ಮುಚ್ಚಿಡಲಾರರು. ಒಂದು, ಯಾರ ಮನೆಯಲ್ಲಿ ಇಂಗಿನ ಒಗ್ಗರಣೆ ಬಿತ್ತೆಂಬುದು. ಇನ್ನೊಂದು, ಯಾರ ಸೊಸೆ ಮುಟ್ಟಾಗಿ ಹೊರಗೆ ಕೂತಳೆಂಬುದು.

(ಗಂಡಸು ಇಂಥದ್ದನ್ನು ಬರೆಯಬಹುದೇ ಎಂದು ಹುಬ್ಬೇರಿಸಿದ ಮಹಾಶಯರು ಹುಬ್ಬನ್ನು ಅಲ್ಲಿಯೇ ಇಟ್ಟುಕೊಂಡು ಮುಂದೆ ಓದಬೇಕಾಗಿ ಪ್ರಾರ್ಥನೆ.)

ನನ್ನ ತಂಗಿಯ ಮಗಳು ಸುಭದ್ರೆಯನ್ನು ಇದೇ ಓಣಿಗೆ ಕೊಟ್ಟಿದೆ. ಮದುವೆಯಾಗಿ ಬಹಳ ವರ್ಷವಾದರೂ ಮಕ್ಕಳಿಲ್ಲ. ನಾಗರಕಲ್ಲು ಸುತ್ತಿದಳು. ಹಂಪಿಯ ಹೊಳೆಯಲ್ಲಿ ಮುಳುಗೆದ್ದಳು. ಕಂಪ್ಲಿಯ ಪಂಡಿತರ ಲೇಹ್ಯ ನೆಕ್ಕಿದಳು. ಕೊನೆಗೆ ಅತ್ತೆ ತುಂಗಕ್ಕ ಮಗನಿಗೆ ಎರಡನೇ ಮದುವೆ ಮಾಡಲು ಸಂಡೂರಿನಿಂದ ಜಾತಕವನ್ನೇ ತರಿಸಿಬಿಟ್ಟಳು. ಮಗರಾಯ? ತಾಯಿಯ ಮುಂದೆ ಮೌನವ್ರತ.

ಒಮ್ಮೆ ಬಳ್ಳಾರಿಯ ಲೇಡಿ ಡಾಕ್ಟರಿಗೆ ತೋರಿಸೋಣ ಎಂದು ನಾನು ಕಾಡಿದೆ. ತಾನೂ ಬರುವುದಾದರೆ ಸರಿ ಎಂದಳು ತುಂಗಕ್ಕ. ಹೊರಟದ್ದು ರೋಗ ತೋರಿಸಲಿಕ್ಕಲ್ಲ, ಸೊಸೆಯ ಮೇಲೆ ಫಿರ್ಯಾದು ಕೊಡಲಿಕ್ಕೆ.

ನಾನು ಪರದೆಯ ಈಚೆ ಕೂತೆ. ಡಾಕ್ಟರು ತಾಳ್ಮೆಯಿಂದ ಹೇಳಿದರು: ಬಂಜೆತನ ಎಂಬುದು ಒಂದೇ ರೋಗವಲ್ಲ. ಕೆಲವರಿಗೆ ಅಂಡಾಶಯದಲ್ಲಿ ಗುಳ್ಳೆಯೆದ್ದು ತಿಂಗಳುಗಟ್ಟಲೆ ಮುಟ್ಟೇ ಬಾರದು. ಕೆಲವರಿಗೆ ಗರ್ಭದ ಒಳಪದರ ಬೆಳೆಯಬಾರದ ಕಡೆ ಬೆಳೆದು ಪ್ರತಿ ತಿಂಗಳೂ ಪ್ರಾಣ ಹೋಗುವಷ್ಟು ನೋವು. ಕೆಲವರಿಗೆ ಜ್ವರ, ನಂಜಾಗಿ ಅಂಡನಾಳ ಕಟ್ಟಿರುತ್ತದೆ. ಕೆಲವರಿಗೆ ಗರ್ಭಕೋಶದಲ್ಲಿ ಗಡ್ಡೆ. ನಿನಗೆ ಹೇಗಾಗುತ್ತದಮ್ಮ?

ಸುಭದ್ರೆ ತುಟಿ ಬಿಚ್ಚಲಿಲ್ಲ. ತುಂಗಕ್ಕ ಬಿಚ್ಚಿದಳು.

"ಆಕೀನೇನ್ ಕೇಳ್ತೀರಿ, ನನ್ನ ಕೇಳ್ರಿ. ಮಂದಿ ಸೊಸ್ತೇರು ನಾಕನೇ ದಿನಕ್ಕ ನೀರು ಹಾಕ್ಕೊಂಡು ಒಳಗ ಬರ್ತಾರ. ಈಕಿ ಹತ್ತು ದಿನ ಕುಂದ್ರತಾಳ, ಒಲಿ ಕೆಲಸ ತಪ್ಪಸ್ಲಿಕ್ಕೆ. ಹಗ್ಗದ ತುಂಬ ಆಕೀ ಬಟ್ಟೀನ."

ತಿಂಗಳು ತಪ್ಪುತ್ತದೆಯೇ? ಇಲ್ಲವಂತೆ, ಲೆಕ್ಕಕ್ಕೆ ಸರಿಯಾಗಿ ಕೂರುತ್ತಾಳಂತೆ. ನೋವಿನಿಂದ ಒದ್ದಾಡುತ್ತಾಳೆಯೇ? ಇಲ್ಲ, ಸುಸ್ತಾದವಳಂತೆ ನಟಿಸುತ್ತಾಳಂತೆ.

ಇಂಥ ಸಾಕ್ಷಿ ಯಾವ ಡಾಕ್ಟರಿಗೆ ಸಿಕ್ಕೀತು? ಅವರು ಸುಭದ್ರೆಯನ್ನು ಒಳಗೆ ಕರೆದೊಯ್ದು ಪರೀಕ್ಷಿಸಿ ಬಂದರು. ಗಡ್ಡೆಯೇ; ಹತ್ತು ದಿನ ರಕ್ತ ಹೋಗುವುದೂ ಆ ಸುಸ್ತೂ ಅದರಿಂದಲೇ. ಬೇಲದ ಹಣ್ಣಿನ ಗಾತ್ರ. ಗರ್ಭಕೋಶ ಉಳಿಸಿ ತೆಗೆಯಬಹುದು. ಆಮೇಲೆ ಮಗುವಿನ ಆಸೆ ಇಟ್ಟುಕೊಳ್ಳಬಹುದು, ಭರವಸೆ ಕೊಡಲಾರೆ ಎಂದರು. ಅದಕ್ಕೆ ಮೊದಲು ಯಜಮಾನರನ್ನೂ ಪರೀಕ್ಷಿಸಬೇಕು ಎಂದೂ ಸೇರಿಸಿದರು. (ಮೌನವ್ರತ ಆ ವಾರವೇ ಮುರಿಯಿತು. ದೋಷವೇನೂ ಕಾಣಲಿಲ್ಲ, ಅಭಿಮಾನಕ್ಕೆ ಮಾತ್ರ ಸ್ವಲ್ಪ ಪೆಟ್ಟು.)

ವಾಪಸು ರೈಲು ದರೋಜಿ ಸ್ಟೇಷನ್ನು ದಾಟಿತು. ತುಂಗಕ್ಕ ಸೊಸೆಯನ್ನು ಕೇಳಿದಳು: "ಹತ್ತು ದಿನ ಹೋಗ್ತದ ಅಂತ ನನಗ್ಯಾಕ ಹೇಳ್ಲಿಲ್ಲ ನೀ?"

ಸುಭದ್ರೆ ಅಂದು ಮೊದಲ ಸಲ ಬಾಯಿ ತೆರೆದಳು. "ನೀವು ಎಣಸ್ತಿದ್ರಲ್ಲ, ಅತ್ತಿ."

ಜಾತಕ ಸಂಡೂರಿಗೆ ಮರಳಿತು. ಗಡ್ಡೆ ಬಳ್ಳಾರಿಯಲ್ಲೇ ಉಳಿಯಿತು. ಚೇತರಿಸಿಕೊಂಡ ಸುಭದ್ರೆ ನಾಲ್ಕನೇ ದಿನಕ್ಕೇ ಒಳಗೆ ಬರತೊಡಗಿದಳು. ಈಗ ಕೆಲವು ತಿಂಗಳಿಂದ ಹೊರಗೇ ಕೂತಿಲ್ಲ. ಓಣಿ ಮತ್ತೆ ಎಣಿಸುತ್ತಿದೆ.

ಎಣಿಸುವ ಮಹಾಜನರೇ, ನಿಮ್ಮ ಮನೆಯಲ್ಲಿ ಹೊರಗೆ ಕೂತವಳನ್ನು ಹೇಗಿದ್ದೀಯಮ್ಮ ಎಂದು ಕೇಳಿ ಎಷ್ಟು ದಿನವಾಯಿತು?