ಖಾಲಿ ಇಲ್ಲದ ಕಾಲಮ್ಮು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ತೊಂಬತ್ತರ ದಶಕದ ಕೊನೆಯಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ಆರು ಉಪಕೇಂದ್ರಗಳ ನರ್ಸುಗಳಿಗೆ ಮೇಲ್ವಿಚಾರಕಿಯಾದಾಗ ಆ ಸಿಟ್ಟೇ ನನ್ನ ಅರ್ಹತೆ ಎಂದುಕೊಂಡಿದ್ದೆ. ತಿಂಗಳಿಗೊಮ್ಮೆ ಹೋಗುವುದು, ರಿಜಿಸ್ಟರ್ ತಿರುವುವುದು, ತಪ್ಪು ಕಂಡರೆ ಉಗಿಯುವುದು, ಕೆಂಪು ಶಾಯಿಯಲ್ಲಿ ಸಹಿ ಹಾಕಿ ಬಸ್ಸು ಹತ್ತುವುದು. ಹೊಳೆನರಸೀಪುರದಲ್ಲಿ ಹಿರಿಯ ಸಿಸ್ಟರ್ ಒಬ್ಬರು ನನಗೂ ಹೀಗೇ ಕೆಲಸ ಕಲಿಸಿದ್ದರು.

ಹಿರೀಸಾವೆ ಕಡೆಯ ಒಂದು ಹಳ್ಳಿಗೆ ಅರಕಲಗೂಡಿನ ಹುಡುಗಿಯೊಬ್ಬಳು ನರ್ಸ್ ಆಗಿ ಬಂದಿದ್ದಳು. ದುಂಡಗಿನ ಅಕ್ಷರ. ಬಸುರಿಯರ ರಿಜಿಸ್ಟರಿನಲ್ಲಿ ತೂಕ, ಬಿಪಿ, ಯಾವ ಕಾಲಮ್ಮೂ ಖಾಲಿ ಇಲ್ಲ. ನಾನು ಸುಲಭಕ್ಕೆ ಹೊಗಳುವವಳಲ್ಲ. ಆದರೂ ಒಂದು ಮೀಟಿಂಗಿನಲ್ಲಿ ಅದನ್ನು ಎತ್ತಿ ಹಿಡಿದು, "ನೋಡಿ ಕಲೀರಿ" ಅಂದೆ. ಅದೇ ದಿನ ಥರ್ಮಾಮೀಟರ್ ಒಡೆದಿದ್ದ ಇನ್ನೊಬ್ಬ ನರ್ಸನ್ನು ಎಲ್ಲರೆದುರು ನಿಲ್ಲಿಸಿ ನೀರಿಳಿಸಿದ್ದೆ. ಹೊಗಳಿಸಿಕೊಂಡವಳು ತಲೆ ತಗ್ಗಿಸಿ ಕೂತಿದ್ದಳು. ನಾಚಿಕೆ ಅಂದುಕೊಂಡೆ.

ಮುಂದಿನ ಭೇಟಿಯಲ್ಲಿ ಅವಳು, "ಮೇಡಂ, ಒಂದ್ ಮಾತು..." ಅಂದಳು.

"ಬಸ್ಸಿಗೆ ಹೊತ್ತಾಯ್ತು, ಮೊದ್ಲು ರಿಜಿಸ್ಟರ್ ತಾ."

ತಂದಳು. ಸಹಿ ಹಾಕಿದೆ.

ಹದಿನೈದು ದಿನಕ್ಕೆ ಆ ಹಳ್ಳಿಯ ಎಂಟು ತಿಂಗಳ ಬಸುರಿಯೊಬ್ಬಳಿಗೆ ಫಿಟ್ಸ್ ಬಂತು. ಹಾಸನಕ್ಕೆ ಸಾಗಿಸುವಷ್ಟರಲ್ಲಿ ಮಗು ಹೊಟ್ಟೆಯಲ್ಲೇ ಹೋಗಿತ್ತು. ತಾಯಿಗೆ ನಾಲ್ಕು ದಿನ ಪ್ರಜ್ಞೆ ಇರಲಿಲ್ಲ. ನಾಲ್ಕೂ ದಿನ ವಾರ್ಡಿನ ಬಾಗಿಲಲ್ಲಿ ನಿಂತು ಬಂದೆ, ಒಳಗೆ ಹೋಗುವ ಧೈರ್ಯವಾಗಲಿಲ್ಲ. ಅವಳೇನೋ ಬದುಕಿಕೊಂಡಳು. ಬಿಪಿ ವಿಪರೀತ ಏರಿತ್ತು ಅಂದರು ಡಾಕ್ಟರು. ನಾನು ಸಹಿ ಹಾಕಿದ್ದ ಪುಟದಲ್ಲಿ ಅವಳ ಬಿಪಿ ನೂರಿಪ್ಪತ್ತು, ಎಂಬತ್ತು.

ಉಪಕೇಂದ್ರಕ್ಕೆ ಹೋಗಿ ಬಿಪಿ ಮೆಷಿನ್ ತೆಗೆಸಿದೆ. ರಬ್ಬರ್ ಪೈಪು ಸೀಳಿತ್ತು. ಸೀಳಿ ಐದು ತಿಂಗಳಾಗಿತ್ತಂತೆ.

"ಯೋಳ್ಬೇಕು ಅಂತ ಎಲ್ಡ್ ಸಲ ಬಾಯ್ ತಗುದೆ ಮೇಡಂ. ಮೀಟಿಂಗ್ನಲ್ಲಿ ಅವ್ರಿಗೆ ಅಂಗ್ ಬೈದ್ರಿ. ನನ್ ರಿಜಿಸ್ಟರ್ ಎಲ್ಲಾರ್ಗೂ ತೋರಿಸ್ಬುಟ್ರಿ. ಆಮೇಲೆ ಎಂಗ್ ಯೋಳ್ಲಿ?"

ಸಿಟ್ಟು ಬರಲೆಂದು ಕಾದೆ, ಬರಲಿಲ್ಲ. ಸುಳ್ಳು ಬರೆದವಳು ಅವಳು, ಸರಿ. ಅದನ್ನು ಎಲ್ಲರಿಗೂ ಮಾದರಿಯೆಂದು ತೋರಿಸಿದವಳು ನಾನು. ನಡೆದದ್ದನ್ನು ನಡೆದಂತೆ ಮೇಲಿನವರಿಗೆ ಬರೆದುಕೊಟ್ಟೆ. ಇಬ್ಬರಿಗೂ ನೋಟಿಸ್ ಬಂತು. ಹೋದ ಮಗುವಿಗೆ ಅದರಿಂದ ಏನಾಗಬೇಕಿತ್ತು?

ಹೊಸ ಮೆಷಿನ್ ಕೊಟ್ಟರು. ನಾನೂ ಬದಲಾಗಲು ನೋಡಿದೆ. ಹೋದೊಡನೆ ರಿಜಿಸ್ಟರ್ ಕೇಳುವುದನ್ನು ಬಿಟ್ಟೆ. ಬೇಕೆಂದೇ ಒಂದು ಬಸ್ಸು ತಪ್ಪಿಸಿಕೊಂಡು ಅವಳ ಜೊತೆ ಕೂರುತ್ತಿದ್ದೆ, ಬಸುರಿಯರ ಬಿಪಿಯನ್ನು ಇಬ್ಬರೂ ಸೇರಿ ನೋಡುತ್ತಿದ್ದೆವು. ನಾನು ಕೇಳಿದ್ದಕ್ಕೆಲ್ಲ ಅವಳು ಉತ್ತರ ಕೊಡುತ್ತಿದ್ದಳು, ತಾನಾಗಿ ಏನನ್ನೂ ಹೇಳುತ್ತಿರಲಿಲ್ಲ.

ಎರಡು ವರ್ಷದ ಮೇಲೆ ನನಗೆ ವರ್ಗವಾಯಿತು. ಕೊನೆಯ ಸಲ ಹೋದಾಗ, ಅವಳು ಚಹಾ ತರುವ ತನಕ ಮೂಲೆಯಲ್ಲಿದ್ದ ತೂಕದ ಮೆಷಿನ್ ಮೇಲೆ ಸುಮ್ಮನೆ ಹತ್ತಿ ನಿಂತೆ. ಮುಳ್ಳು ಅಲುಗಲಿಲ್ಲ. ಇಳಿದು ಬಂದು ಕೂತೆ.

"ಏನಾದ್ರೂ ತೊಂದ್ರೆ ಇದ್ರೆ ಹೇಳವ್ವ. ನಾನು ಬೈಯಲ್ಲ" ಅಂದೆ.

"ಏನೂ ಇಲ್ಲ ಮೇಡಂ. ಎಲ್ಲಾ ಸರಿಯಾಗೈತೆ."

ಎದ್ದು ನಿಂತು ರಿಜಿಸ್ಟರ್ ಬಿಚ್ಚಿದಳು. ಕೆಂಪು ಪೆನ್ನಿನ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟಳು. ಆ ತಿಂಗಳ ಬಸುರಿಯರೆಲ್ಲರ ತೂಕವನ್ನೂ ಅವಳು ಬರೆದಿದ್ದಳು.