ಯಾರೋ ಸುಣ್ಣ ಬಳಿದ ಗುಡ್ಡೆ

ಊದುಬತ್ತಿ ಹೊಸೆಯುವ ಕೆಲಸ ಬಿಟ್ಟು ಬಹಳ ವರ್ಷಗಳಾದರೂ ಮುದ್ದಮ್ಮನವರ ಅಂಗೈಯಿಂದ ಆ ವಾಸನೆ ಹೋಗಿಲ್ಲ. ಕುಂಬಾರಕೊಪ್ಪಲಿನ ಮನೆಯ ಜಗಲಿಯಲ್ಲಿ ಅವರು ಸೊಪ್ಪು ಬಿಡಿಸಿದರೆ ಸೊಪ್ಪಿಗೂ ಒಂದಿಷ್ಟು ಗಂಧ ಹತ್ತಿಕೊಳ್ಳುತ್ತದೆ.

"ನಮ್ಮವ್ವ ಉಪ್ಸಾರು ಮಾಡುದ್ರೆ ದೇವ್ರಿಗೇ ಮೊದ್ಲು ಗೊತ್ತಾಯ್ತದೆ," ಎಂದು ಮಗಳು ಸುಮಾ ನಗುತ್ತಾಳೆ.

"ಅದನ್ನೇ ತಿಂದ್ಕೊಂಡು ಇಷ್ಟುದ್ದ ಬೆಳೆದಿದ್ದೀಯ, ಸುಮ್ನಿರು."

ಯಳಂದೂರಿನ ಕಡೆಯ ಹಳ್ಳಿಯಿಂದ ಮುದ್ದಮ್ಮನವರನ್ನು ಮೈಸೂರಿಗೆ ಕರೆತಂದವಳು ಅವ್ವ, ಮಾದೇವಮ್ಮ. ಬೆಳಿಗ್ಗೆ ಚಾಮರಾಜಪುರಂನ ಮನೆಗಳಲ್ಲಿ ಪಾತ್ರೆ ತೊಳೆಯುವುದು, ಮಧ್ಯಾಹ್ನ ಊದುಬತ್ತಿ ಹೊಸೆಯುವುದು. ಹೊಸೆಯುವ ಮಣೆಯ ಎರಡು ಪಕ್ಕದಲ್ಲಿ ಇಬ್ಬರು ಮಕ್ಕಳು: ಮುದ್ದಮ್ಮ, ತಮ್ಮ ಸಿದ್ದಪ್ಪಾಜಿ. ಅವ್ವನ ಹಲ್ಲು ಬೇಗ ಉದುರಿದ್ದವು. ಎಲೆಅಡಿಕೆಯ ಚಪಲ ಮಾತ್ರ ಉದುರಿರಲಿಲ್ಲ. ಅಂಗೈಯಲ್ಲಿ ಕೂರುವಂಥ ಒಂದು ಕಲ್ಲಿನ ಕುಟ್ಟಾಣಿ ಇಟ್ಟುಕೊಂಡು, ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ಕೂತು ಅಡಿಕೆ ಕುಟ್ಟುತ್ತಿದ್ದಳು. ಟಕ್, ಟಕ್. ಬೀದಿಯಲ್ಲಿ ಎಲ್ಲಿ ಆಡುತ್ತಿದ್ದರೂ ಆ ಸದ್ದಿಗೆ ಮಕ್ಕಳಿಬ್ಬರೂ ಮನೆ ಸೇರಬೇಕು. ಹೆಸರು ಹಿಡಿದು ಕೂಗುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ.

ಅವ್ವ ತೀರಿಕೊಂಡಾಗ ಸುಮಾ ತೊಟ್ಟಿಲಲ್ಲಿದ್ದಳು. ಮಣ್ಣು ಮಾಡುವ ದಿನ ಹೆಂಗಸರು ಸ್ಮಶಾನದ ಬಾಗಿಲು ದಾಟದಿರುವುದು ಅವರ ಮನೆತನದ ರೂಢಿ. ಮೂರನೆಯ ದಿನ ಗುಡ್ಡೆಗೆ ಹಾಲುತುಪ್ಪ ಬಿಡಲು ಉಳಿದ ಹೆಂಗಸರು ಹೋದರು. ಹಸಿ ಬಾಣಂತಿಯಾದ ಮುದ್ದಮ್ಮನವರನ್ನು ಯಾರೂ ಹೊಸ್ತಿಲು ದಾಟಗೊಡಲಿಲ್ಲ. ಗಂಡ ಬೆಟ್ಟಯ್ಯನಿಗೆ ರೈಲು ಹಳಿಯ ಕೆಲಸ, ಆಗ ಎಲ್ಲೋ ಹೊರಗೂರಲ್ಲಿದ್ದ. ಹೀಗೆ ಅವ್ವನನ್ನು ಎಲ್ಲಿ ಇಟ್ಟರು ಎಂಬುದನ್ನು ಮಗಳು ನೋಡಲೇ ಇಲ್ಲ.

ಆ ಗಡಿಬಿಡಿಯಲ್ಲಿ ಕುಟ್ಟಾಣಿಯೂ ಮನೆಯಿಂದ ಕಾಣೆಯಾಯಿತು.

ಹನ್ನೊಂದನೆಯ ದಿನ ಜಗಳವಾಯಿತು. ಸಿದ್ದಪ್ಪಾಜಿ ಆ ವರ್ಷವೇ ಬೌದ್ಧ ಧರ್ಮದ ದೀಕ್ಷೆ ತೆಗೆದುಕೊಂಡಿದ್ದರು. ತಲೆ ಬೋಳಿಸುವುದಿಲ್ಲ, ಎಡೆ ಇಡುವುದಿಲ್ಲ, ಮೇಣದಬತ್ತಿ ಹಚ್ಚಿ ವಂದನೆ ಹೇಳುತ್ತೇನೆ ಎಂದರು. ಮಡಿಲಲ್ಲಿ ಕೂಸು, ಸುತ್ತ ನೆಂಟರು. ಮುದ್ದಮ್ಮನವರಿಗೆ ತಡೆಯಲಾಗಲಿಲ್ಲ.

"ಸಿದ್ದಪ್ಪಾಜಿ ದೇವ್ರಿಗೆ ಹರಕೆ ಹೊತ್ತು ಹೆತ್ತು, ಆ ಹೆಸ್ರೇ ಇಟ್ಟು ಸಾಕುದ್ಳು ನಿನ್ನ. ಅವಳಿಗೊಂದು ಎಡೆ ಇಡಕ್ಕಾಗಲ್ವಾ? ಹಂಗಾದ್ರೆ ಅವಳ ಗುಡ್ಡೆ ಹತ್ರಾನೂ ಕಾಲಿಡ್ಬೇಡ, ಓಗು!"

ಸಿದ್ದಪ್ಪಾಜಿ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಮಾರನೆಯ ವರ್ಷ ಮಹಾಲಯ ಅಮಾವಾಸ್ಯೆಗೆ ಸಂಬಂಧದ ಚಿಕ್ಕಪ್ಪ ಒಬ್ಬರು ಮುದ್ದಮ್ಮನವರನ್ನು ಸ್ಮಶಾನಕ್ಕೆ ಕರೆದುಕೊಂಡು ಹೋಗಿ, ಹುಣಸೆಮರದ ಪಕ್ಕದ ಗುಡ್ಡೆ ತೋರಿಸಿದರು. ಬಳಿಯಲೆಂದು ಮುದ್ದಮ್ಮ ಸುಣ್ಣ ಕಲಸಿಕೊಂಡು ಹೋಗಿದ್ದರು. ಆದರೆ ಗುಡ್ಡೆ ಆಗಲೇ ಬೆಳ್ಳಗಿತ್ತು. ಸುತ್ತಲಿನ ಹುಲ್ಲು ಕಿತ್ತು, ಮಣ್ಣು ತಟ್ಟಿ, ಅಂಚು ಕೂಡ ಬಿಡದಂತೆ ಯಾರೋ ಸುಣ್ಣ ಬಳಿದಿದ್ದರು. ಯಾರು ಎಂದು ಚಿಕ್ಕಪ್ಪನಿಗೆ ಗೊತ್ತಿರಲಿಲ್ಲ. ಮುದ್ದಮ್ಮ ಯಾರನ್ನೂ ಕೇಳಲಿಲ್ಲ. ಸುಣ್ಣದ ಡಬ್ಬವನ್ನು ಹಾಗೇ ಮನೆಗೆ ತಂದು ಮೂಲೆಯಲ್ಲಿಟ್ಟರು.

"ಸಿದ್ದ ಬಂದೋಗವ್ನೆ," ಎಂದು ತೊಟ್ಟಿಲ ಕೂಸಿಗೆ ಹೇಳಿದರು. "ಮೊಂಡ. ಬಾಯಿಗೆ ಬರಲ್ಲ ಅವನಿಗೆ, ಕೈಗೆ ಬತ್ತದೆ."

ಅಲ್ಲಿಂದ ಈಚೆಗೆ ಪ್ರತಿ ಮಹಾಲಯ ಅಮಾವಾಸ್ಯೆಗೂ ಹಾಗೆಯೇ. ಇವರು ಹೋಗುವ ಹೊತ್ತಿಗೆ ಗುಡ್ಡೆ ಬೆಳ್ಳಗಿರುತ್ತಿತ್ತು. ಅವ್ವ ಮುತ್ತೈದೆಯಾಗಿ ಹೋದವಳು. ಅಪ್ಪ ಆಮೇಲೆ ಊರಿಗೆ ಹೋಗಿ ಅಲ್ಲೇ ಮಣ್ಣಾದ. ಅದಕ್ಕೆ ಮುದ್ದಮ್ಮ ಎಡೆಯ ಜೊತೆ ಹಸಿರು ಗಾಜಿನ ಬಳೆ, ಕುಂಕುಮ, ಎಲೆಅಡಿಕೆ ಇಡುತ್ತಿದ್ದರು. ಕೊನೆಗೆ ಇನ್ನೊಂದು ವಡೆಯನ್ನು ಬೇರೆಯಾಗಿ ಇಡುತ್ತಿದ್ದರು, ತಮ್ಮನ ಪಾಲು. ಮದುವೆ ಮನೆಗಳಲ್ಲಿ ಅಕ್ಕ ತಮ್ಮ ಎದುರಾದಾಗ ಮಾತಿಲ್ಲ. ಆದರೆ ಮುದ್ದಮ್ಮನವರ ಕಣ್ಣು ತಮ್ಮನ ಉಗುರುಗಳ ಮೇಲಿರುತ್ತಿತ್ತು, ಎಲ್ಲಾದರೂ ಸುಣ್ಣ ಕಂಡೀತೇ ಎಂದು. ಮಾತಾಡಬೇಕು ಎಂದು ಅವರಿಗೆ ಅನ್ನಿಸಲೂ ಇಲ್ಲ. ವರ್ಷಕ್ಕೊಮ್ಮೆ ಸುಣ್ಣ ಮಾತಾಡುತ್ತಿತ್ತಲ್ಲ, ಅಷ್ಟು ಸಾಕಾಗಿತ್ತು.

ಈ ವರ್ಷ ಸ್ಮಶಾನದ ಸಮಿತಿಯವರು ಒಳಗೆ ಕಾಲುದಾರಿ ಹಾಕಿಸಲು ಹೊರಟರು. ಹೆಸರಿನ ಕಲ್ಲಿಲ್ಲದ ಗುಡ್ಡೆಗಳನ್ನು ಮಹಾಲಯ ಕಳೆದ ಮೇಲೆ ಸಮ ಮಾಡುತ್ತೇವೆ, ಸಂಬಂಧಪಟ್ಟವರು ಅಷ್ಟರೊಳಗೆ ಕಲ್ಲು ನಿಲ್ಲಿಸಿಕೊಳ್ಳಬೇಕು ಎಂದು ಮೈಕಿನಲ್ಲಿ ಕೂಗಿಸಿದರು. ಸುಮಾ 'ಮಾದೇವಮ್ಮ' ಎಂದು ಕೆತ್ತಿಸಿದ ಸಣ್ಣದೊಂದು ಕಲ್ಲು ತಂದಳು. ಅಮಾವಾಸ್ಯೆಯ ದಿನ ಜನ ಹೆಚ್ಚು, ಮೊದಲೇ ನಿಲ್ಲಿಸಿ ಬರೋಣ ಎಂದು, ಒಂದು ಬೆಳಿಗ್ಗೆ ಕಲ್ಲನ್ನು ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟುಕೊಂಡು, ಹಿಂದೆ ತಾಯಿಯನ್ನು ಕೂರಿಸಿಕೊಂಡು ಹೊರಟಳು. ಹೆಸರು ನಿಲ್ಲಿಸುವಾಗ ಬರಿಗೈಯಲ್ಲಿ ಹೋಗಬಾರದೆಂದು ಮುದ್ದಮ್ಮ ಬಳೆಯ ಪೊಟ್ಟಣ ಹಿಡಿದುಕೊಂಡಿದ್ದರು.

ಹುಣಸೆಮರದ ಬಳಿ, ಮುದ್ದಮ್ಮನವರ ವಾರಗೆಯ ಒಬ್ಬ ಹೆಂಗಸು ಸೆರಗು ಸಿಕ್ಕಿಸಿಕೊಂಡು, ನಾರಿನ ಕುಂಚ ಹಿಡಿದು, ಅದೇ ಗುಡ್ಡೆಗೆ ಸುಣ್ಣ ಬಳಿಯುತ್ತಿದ್ದರು.

ಮುದ್ದಮ್ಮ ಹತ್ತಿರ ಹೋಗಿ ಕೇಳಿದರು. "ಯಾರಮ್ಮ ನೀವು? ಸಿದ್ದ ಕಳಿಸಿದ್ನಾ?"

"ಯಾವ ಸಿದ್ದ?"

"ನನ್ ತಮ್ಮ. ಇದು ನಮ್ಮವ್ವನ ಗುಡ್ಡೆ."

ಕುಂಚ ಬಕೆಟ್ಟಿಗೆ ಬಿತ್ತು. "ಚೆನ್ನಾಗೈತೆ ಕಣ್ರೀ! ಇದು ನಮ್ ಯಜಮಾನ್ರು ಮಲಗಿರೋ ಜಾಗ. ಅವರು ತೀರ್ಕೊಂಡ ವರ್ಷದಿಂದ ನಾನೇ ಬಂದು..." ಅಷ್ಟರಲ್ಲಿ ಅವರ ಕಣ್ಣು ಪೊಟ್ಟಣದಿಂದ ಇಣುಕುತ್ತಿದ್ದ ಹಸಿರು ಬಳೆಗಳ ಮೇಲೆ ಬಿತ್ತು. "ಆ ಬಳೆ. ಇಲ್ಲಿ ವರ್ಷಾ ವರ್ಷಾ ಬಳೆ ಇಟ್ಟೋಗೋರು ನೀವೇನಾ?"

"ನಾನೇ. ನಮ್ಮವ್ವನಿಗೆ."

ಆ ಹೆಂಗಸು ಸುಣ್ಣದ ಕೈಯಲ್ಲೇ ಹಣೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟರು. ಅಳುತ್ತಿದ್ದಾರೋ ನಗುತ್ತಿದ್ದಾರೋ ಸುಮಾಳಿಗೆ ತಿಳಿಯಲಿಲ್ಲ.

"ಅಯ್ಯೋ ನನ್ ತಾಯೀ! ನಾನು ಬಂದಾಗೆಲ್ಲ ಹೋದ್ ವರ್ಷದ ಬಳೆ ಬಿದ್ದಿರೋದು. ನಮ್ಮೋರು ಯಾವಳೋ ಒಬ್ಳನ್ನ ಇಟ್ಕೊಂಡಿದ್ರು, ನಂಗೆ ಗೊತ್ತಾಗ್ದಂಗೆ ಬಂದೋಗ್ತಾಳೆ ಅನ್ಕೊಂಡಿದ್ದೆ ಕಣ್ರೀ! ಬೈಕೊಂಡು ಬೈಕೊಂಡೇ ಸುಣ್ಣ ಬಳೀತಿದ್ದೆ. ಪಾಪ, ನಮ್ ಯಜಮಾನ್ರು... ನನ್ ಮುಖ ಬಿಟ್ಟು ಬೇರೆ ಮುಖ ನೋಡ್ದೋರಲ್ಲ."

ಅವರ ಹೆಸರು ಪ್ರೇಮಮ್ಮ, ಅಂಗನವಾಡಿಯಲ್ಲಿ ಅಡುಗೆ ಮಾಡುವವರು. ಗಂಡನ ಹೆಸರನ್ನು ಬಾಯಲ್ಲಿ ಹೇಳದೆ, ತಾವು ತಂದಿದ್ದ ಕಲ್ಲನ್ನು ತಿರುಗಿಸಿ ತೋರಿಸಿದರು: ನಂಜುಂಡಸ್ವಾಮಿ.

ಸುಮಾ ನಗು ತಡೆಯಲಾರದೆ ತಾಯಿಯ ಕಡೆ ತಿರುಗಿದಳು. ತಾಯಿ ನಗುತ್ತಿರಲಿಲ್ಲ.

"ಮೊದಲ್ನೇ ವರ್ಷಾನೂ ನೀವೇ ಬಳಿದಿದ್ದಾ?" ಎಂದು ಕೇಳಿದರು ಮುದ್ದಮ್ಮ.

"ನಾನೇ. ಅಮಾಸೆ ದಿನ ತವರಲ್ಲಿ ಎಡೆ ಕಣಮ್ಮ, ಅದಕ್ಕೇ ಮುಂಚೆ ಬಂದ್ಬುಡ್ತೀನಿ."

ಮುದ್ದಮ್ಮ ಅವ್ವನ ಹೆಸರಿನ ಕಲ್ಲನ್ನು ಹುಣಸೆಮರಕ್ಕೆ ಒರಗಿಸಿ ಅದರ ಪಕ್ಕ ಕೂತರು. ಅವ್ವನ ಗುಡ್ಡೆ ಯಾವುದು ಎಂಬ ಪ್ರಶ್ನೆ ಆಮೇಲಿನದು. ತಮ್ಮ ಇಷ್ಟು ವರ್ಷವೂ ಬಂದೇ ಇರಲಿಲ್ಲ. ಇದ್ದ ತಮ್ಮನೊಬ್ಬ ಬೆಳ್ಳಂಬೆಳಿಗ್ಗೆ ಇಲ್ಲವಾದಂತೆ ಅವರಿಗೆ ಅನ್ನಿಸಿತು.

ಪ್ರೇಮಮ್ಮನೂ ಮಣ್ಣಿನ ದಿನ ಒಳಗೆ ಬಂದವರಲ್ಲ. ಮೈದುನ ತೋರಿಸಿದ್ದನ್ನು ನಂಬಿದವರು, ಆ ಮೈದುನ ಈಗಿಲ್ಲ. ಗುಡ್ಡೆಯ ಪಕ್ಕದಲ್ಲಿ ಲಾಂಟಾನ ಮುಳ್ಳು ಬೆಳೆದು ನೆಲ ಸ್ವಲ್ಪ ಕುಸಿದಿತ್ತು. ಯಾರೂ ಕೈಯಿಡದ ಜಾಗ. ಮೂವರೂ ಅದನ್ನೇ ನೋಡಿದರು. ಬೆಳ್ಳಗಿನದು ಯಾರದು, ಮುಳ್ಳಿನದು ಯಾರದು?

"ಅವ್ವನ್ನ ಹೊತ್ತೋರಲ್ಲಿ, ಹಾಲುತುಪ್ಪಕ್ಕೆ ಹೋದೋರಲ್ಲಿ ಉಳಿದಿರೋನು ಸಿದ್ದ ಒಬ್ನೇ," ಎಂದರು ಮುದ್ದಮ್ಮ.

"ಮಾವನಿಗೆ ಫೋನ್ ಮಾಡ್ಲಾ?" ಎಂದಳು ಸುಮಾ.

"ಫೋನಲ್ಲಿ ಕೇಳೋ ಮಾತೇನೇ ಇದು?"

ಮಾರನೆಯ ದಿನ ತಾಯಿ ಮಗಳು ವಿಮಾನ ನಿಲ್ದಾಣದ ಬಳಿಯ ಮಂಡಕಳ್ಳಿಗೆ ಹೋದರು. ಗಿರಣಿ ಕೆಲಸದಿಂದ ನಿವೃತ್ತರಾದ ಮೇಲೆ ಸಿದ್ದಪ್ಪಾಜಿ ಅಲ್ಲಿ ಸಣ್ಣ ಮನೆ ಕಟ್ಟಿಸಿಕೊಂಡಿದ್ದರು. ನುಗ್ಗೆಗಿಡಕ್ಕೆ ನೀರು ಬಿಡುತ್ತಿದ್ದವರು ಸ್ಕೂಟರಿನಿಂದ ಇಳಿದವರನ್ನು ಕಂಡು ಪೈಪನ್ನು ಹಾಗೇ ಕೈಬಿಟ್ಟರು. ನೀರು ದಾರಿಗೆ ಹರಿಯಿತು.

"ಬಂದ್ಬುಟ್ಟೆ ಕಣೋ," ಎಂದರು ಮುದ್ದಮ್ಮ.

"ಬಾ ಅಕ್ಕ."

ಒಳಗೆ ಗೋಡೆಯ ಮೇಲೆ ಬುದ್ಧನ ಪಟ, ಅದರ ಮುಂದೆ ಅರ್ಧ ಉರಿದ ಮೇಣದಬತ್ತಿ. ಸಿದ್ದಪ್ಪಾಜಿ ಕುರ್ಚಿಯನ್ನು ಟವೆಲಿನಿಂದ ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು. ನೀರು ಕುಡಿದು ಮುದ್ದಮ್ಮ ಬಾಯಿ ತೆರೆಯುವಷ್ಟರಲ್ಲಿ ವಿಮಾನವೊಂದು ಮನೆಯ ಮೇಲೆಯೇ ಹಾದುಹೋಯಿತು. ಸದ್ದು ಇಳಿಯುವವರೆಗೆ ಇಬ್ಬರೂ ಸೂರು ನೋಡುತ್ತ ಕೂತರು.

"ಅವ್ವನ ಗುಡ್ಡೆಗೆ ಯಾವತ್ತಾದ್ರೂ ಹೋಗಿದ್ಯೇನೋ ಸಿದ್ದ?"

"ಇಲ್ಲ ಅಕ್ಕ."

"ಒಂದ್ ಸಲಾನೂ?"

"ಕಾಲಿಡ್ಬೇಡ ಅಂದಿದ್ಯಲ್ಲ ನೀನು."

ಬಸ್ಸಿನ ಹೊತ್ತು ಹೇಳುವವರ ಹಾಗೆ ಹೇಳಿದರು. ದೂರಿನ ದನಿಯಿರಲಿಲ್ಲ. ಮುದ್ದಮ್ಮ ಲೋಟವನ್ನು ಕೈಯಲ್ಲಿ ತಿರುಗಿಸುತ್ತ ಕೂತರು. ಆಮೇಲೆ ಅವರಿಗೆ ಸಿಟ್ಟು ಬಂತು.

"ಚಿಕ್ಕವನಿದ್ದಾಗಿಂದ ನಾನು ಹೇಳಿದ್ ಯಾವ ಮಾತ್ನ ಕೇಳಿದ್ದೀಯೋ ನೀನು? ಕೆರೆಗೆ ಓಗ್ಬೇಡ ಅಂದ್ರೆ ಓದೆ. ಸೈಕಲ್ ಮುಟ್ಬೇಡ ಅಂದ್ರೆ ಮುಟ್ದೆ. ಅದೊಂದ್ ಮಾತ್ನೇ ಕೇಳ್ಬೇಕಿತ್ತಾ?"

ಸಿದ್ದಪ್ಪಾಜಿ ತಲೆ ತಗ್ಗಿಸಿದರು. ಅವರ ಹೆಗಲು ಅಲುಗುತ್ತಿತ್ತು, ನಗುವಿಗೋ ಏನೋ.

"ಅಮಾಸೆ ದಿನ ಬಾ," ಎಂದರು ಅಕ್ಕ ಎದ್ದು ನಿಂತು. "ನಾನೇ ಕರೀತಾ ಇವ್ನಿ. ಎಡೆ ನಾನಿಡ್ತೀನಿ, ನಿನ್ ಬತ್ತಿ ನೀನು ಹಚ್ಚು. ಅವಳು ಎಲ್ಲವಳೆ ಅಂತ ತೋರ್ಸು, ಸಾಕು."

ಅಮಾವಾಸ್ಯೆಯ ಬೆಳಿಗ್ಗೆ ಪ್ರೇಮಮ್ಮ ತವರಿಗೆ ಹೋಗುವುದನ್ನು ಮಧ್ಯಾಹ್ನಕ್ಕೆ ಮುಂದೂಡಿ, ಸುಣ್ಣದ ಬಕೆಟ್ಟಿನೊಂದಿಗೆ ಹುಣಸೆಮರದ ಕೆಳಗೆ ಕಾಯುತ್ತಿದ್ದರು. ಅವರ ಕಲ್ಲೂ ಇನ್ನೂ ನೆಟ್ಟಿರಲಿಲ್ಲ. ಸಿದ್ದಪ್ಪಾಜಿ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದರು. ಬೆಳ್ಳಗಿನ ಗುಡ್ಡೆಯ ಮುಂದೆ ಒಂದು ಗಳಿಗೆ ನಿಂತರು. ಪ್ರೇಮಮ್ಮ ಬಕೆಟ್ಟು ಬಿಟ್ಟು ಎದ್ದು ನಿಂತರು. ಸಿದ್ದಪ್ಪಾಜಿ ಅದನ್ನು ದಾಟಿ ಮುಳ್ಳಿನ ಮೆಳೆಯ ಕಡೆ ನಡೆದು ಸುಮಾ ತಂದಿದ್ದ ಮಚ್ಚು ಕೇಳಿದರು.

ಲಾಂಟಾನ ಸವರುತ್ತ ಹೋದಂತೆ ಕುಸಿದ ನೆಲ ಕಾಣಿಸಿತು. ಅದರ ತಲೆ ಕಡೆ ಕೂತು, ಬೆರಳಿನಿಂದ ಮಣ್ಣು ಕೆದಕಿದರು. ಮೊದಲು ಒಂದು ಕಲ್ಲಿನ ಅಂಚು, ಆಮೇಲೆ ದುಂಡಗಿನ ಬಾಯಿ, ಬಾಯಿಯ ತುಂಬ ಮಣ್ಣು.

ಮುದ್ದಮ್ಮ ಕೆಳಗೆ ಕೂತರು. ಅವ್ವನ ಕುಟ್ಟಾಣಿ.

"ಮಣ್ಣು ಮುಚ್ಚಿದ್ ಮೇಲೆ ತಲೆ ಕಡೆ ಗುರುತಿಗೊಂದು ಕಲ್ಲಿಡು ಅಂತಾರೆ ಅಂತ ಗೊತ್ತಿತ್ತು," ಎಂದರು ಸಿದ್ದಪ್ಪಾಜಿ. "ಯಾವ್ದೋ ದಾರಿ ಕಲ್ಲು ಯಾಕೆ ಅಂತ ಮನೆಯಿಂದ್ಲೇ ಇದನ್ನ ಪಂಚೇಲಿ ಕಟ್ಕೊಂಡ್ ಬಂದಿದ್ದೆ. ನಿನಗೆ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ಹನ್ನೊಂದ್ನೇ ದಿನ ಬಂತು."

"ಸೋದರತ್ತೆ ಕದ್ಕೊಂಡೋದ್ಳು ಅನ್ಕೊಂಡಿದ್ದೆ ಕಣೋ. ಅವಳು ಸಾಯೋಗಂಟ ನೆಟ್ಟಗೆ ಒಂದ್ ಮಾತಾಡ್ಲಿಲ್ಲ ನಾನು."

"ಬುಡಿ ಅಕ್ಕ," ಎಂದರು ಪ್ರೇಮಮ್ಮ, ಕಣ್ಣೊರೆಸಿಕೊಳ್ಳುತ್ತ. "ನಾನು ಗಂಡನ್ ಮೇಲೇ ಅನುಮಾನ ಪಟ್ಟೋಳು, ನಿಮ್ದೇನು ದೊಡ್ಡದು?"

ಮಣ್ಣು ಎತ್ತಿ ತಟ್ಟಿ ಗುಡ್ಡೆ ಮಾಡಿದರು. ಹೆಸರಿನ ಕಲ್ಲನ್ನು ಕುಟ್ಟಾಣಿಯ ಹಿಂದೆ ನೆಟ್ಟರು. ನಂಜುಂಡಸ್ವಾಮಿಯವರ ಕಲ್ಲೂ ಅವರ ಗುಡ್ಡೆಯ ತಲೆಗೆ ನಿಂತಿತು. ಪ್ರೇಮಮ್ಮ ಬಕೆಟ್ಟು ಮುಂದಕ್ಕೆ ಸರಿಸಿದರು, ಮುದ್ದಮ್ಮ ಕುಂಚ ತೆಗೆದು ತಮ್ಮನ ಕೈಗೆ ಕೊಟ್ಟರು. ಸಿದ್ದಪ್ಪಾಜಿ ಬಳಿಯತೊಡಗಿದರು. ರೂಢಿಯಿಲ್ಲದ ಕೈ, ಸುಣ್ಣ ಮೊಣಕೈವರೆಗೆ ಇಳಿಯಿತು, ಒಂದು ಪಕ್ಕ ದಪ್ಪ, ಒಂದು ಪಕ್ಕ ತೆಳು. ಪ್ರೇಮಮ್ಮನ ನುಣುಪು ಎಲ್ಲಿ, ಇದೆಲ್ಲಿ? ಮುದ್ದಮ್ಮ ಕಣ್ಣು ಕೀಳದೆ ನೋಡಿದರು.

ಎಡೆ ಇಟ್ಟರು, ಬಳೆ ಇಟ್ಟರು. ಸಿದ್ದಪ್ಪಾಜಿ ಮೇಣದಬತ್ತಿ ಹಚ್ಚಿ, ಕೈಮುಗಿದು, ತುಟಿಯಲ್ಲೇ ವಂದನೆ ಹೇಳಿಕೊಂಡರು. ಊದುಬತ್ತಿಯ ಹೊಗೆ ಆ ಬತ್ತಿಯನ್ನು ಸುತ್ತಿ ಹೋಯಿತು.

"ನಮ್ಮೋರಿಗೆ ಈ ವರ್ಷ ಬಳೆ ಇಲ್ವಾ? ಅಭ್ಯಾಸ ಆಗ್ಬುಟ್ಟಿರ್ತದೆ ಪಾಪ," ಎಂದರು ಪ್ರೇಮಮ್ಮ.

"ಬಳೆ ಕೊಡಲ್ಲ," ಎಂದು ಮುದ್ದಮ್ಮ ಮೊದಲ ಸಲ ನಕ್ಕರು. ಎಲೆಯಿಂದ ಒಂದು ವಡೆ ತೆಗೆದು ನಂಜುಂಡಸ್ವಾಮಿಯವರ ಗುಡ್ಡೆಯ ಮೇಲಿಟ್ಟರು. ಪ್ರತಿ ವರ್ಷ ಬೇರೆಯಾಗಿ ಇಡುತ್ತಿದ್ದ ಇನ್ನೊಂದು ವಡೆಯನ್ನು ಈ ಸಲ ಇಡಲಿಲ್ಲ; ಸೆರಗಿನ ಮರೆಯಲ್ಲಿ ಹಿಡಿದುಕೊಂಡರು.

ಸಿದ್ದಪ್ಪಾಜಿ ಬಾಗಿಲ ಬಳಿಯ ನಲ್ಲಿಗೆ ಕೈ ತೊಳೆಯಲು ಹೋದರು. ಸುಣ್ಣ ಉಗುರಿನ ಸಂದಿಯಿಂದ ಬೇಗ ಬಿಡುವುದಿಲ್ಲ. ಇತ್ತ ಮುದ್ದಮ್ಮ ಕುಟ್ಟಾಣಿಯ ಬಾಯಿಯ ಮಣ್ಣು ತೆಗೆದು, ಸೆರಗಿನಿಂದ ಒರೆಸಿ, ಒಂದು ಚೂರು ಅಡಿಕೆ ಹಾಕಿದರು. ಕುಟ್ಟುವ ಗುಂಡು ಯಾವತ್ತೋ ಹೋಗಿತ್ತು. ಮರದ ಬುಡದಲ್ಲಿ ಕೈಗೆ ಸಿಕ್ಕಿದ ಬೆಣಚುಕಲ್ಲು ಎತ್ತಿಕೊಂಡರು.

ಟಕ್, ಟಕ್.

ಹಳೆಯ ಸದ್ದಲ್ಲ, ಸ್ವಲ್ಪ ಮಂಕು. ಆದರೂ ನಲ್ಲಿಯ ಬಳಿ ಬಗ್ಗಿದ್ದವರು ನೀರು ನಿಲ್ಲಿಸದೆ, ಒದ್ದೆ ಕೈ ಇಳಿಬಿಟ್ಟುಕೊಂಡು, ತಿರುಗಿ ಅತ್ತಲೇ ಬರತೊಡಗಿದರು.